ಒತ್ತಡದ ಹಾರ್ಮೋನುಗಳು ದೇಹಕ್ಕೂ ಮನಸ್ಸಿಗೂ ಏನು ಮಾಡುತ್ತವೆ?

ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಹರಾಜು ಕೂಗುವಾಗ ಸಾಲ ಮಾಡಿ ಬೆಳೆದ ರೈತನ ಎದೆ ಹೊಡೆದುಕೊಳ್ಳುವುದು, ಅಂಗೈ ಬೆವರುವುದು ದೇಹದ ತುರ್ತು ಸಿದ್ಧತೆಯ ಲಕ್ಷಣ. ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳ ಒಳಭಾಗದಿಂದ ಅಡ್ರಿನಲಿನ್ ಎಂಬ ಹಾರ್ಮೋನು ಕೆಲವೇ ಕ್ಷಣಗಳಲ್ಲಿ ರಕ್ತಕ್ಕೆ ಸೇರಿ ಹೃದಯದ ಬಡಿತವನ್ನು ಹೆಚ್ಚಿಸುತ್ತದೆ. ಅದರ ಪ್ರಭಾವ ಬೇಗನೆ ಇಳಿಯುತ್ತದೆ.

ಒತ್ತಡದ ಇನ್ನೊಂದು ಹಾರ್ಮೋನಾದ ಕಾರ್ಟಿಸೋಲ್‌ನ ನಡೆ ನಿಧಾನವಾದದ್ದು. ಮೆದುಳಿನ ಹೈಪೋಥಾಲಮಸ್ ಪಿಟ್ಯುಟರಿ ಗ್ರಂಥಿಗೂ, ಪಿಟ್ಯುಟರಿಯು ಅಡ್ರಿನಲ್‌ನ ಹೊರಪದರಕ್ಕೂ ಸಂದೇಶ ಕಳಿಸಿದ ಮೇಲೆ ಅದು ನಿಮಿಷಗಳ ಲೆಕ್ಕದಲ್ಲಿ ಏರುತ್ತದೆ, ಮತ್ತು ಸಾಕಷ್ಟಾದಾಗ ತಾನೇ ಮೆದುಳಿಗೆ ಸೂಚನೆ ಕೊಟ್ಟು ಉತ್ಪಾದನೆಯನ್ನು ತಗ್ಗಿಸುತ್ತದೆ. ಇದನ್ನು ಶತ್ರುವೆಂದು ಬಗೆಯುವುದು ಸರಿಯಲ್ಲವೆಂದು ನನ್ನ ದೃಢವಾದ ಅಭಿಪ್ರಾಯ. ಬೆಳಗಿನ ಚುರುಕುತನಕ್ಕೆ, ಉಪವಾಸದಲ್ಲಿ ರಕ್ತದ ಸಕ್ಕರೆ ಕುಸಿಯದಿರುವುದಕ್ಕೆ, ಉರಿಯೂತದ ಹತೋಟಿಗೆ ಇದು ಬೇಕು. ಇದು ತೀರಾ ಕಡಿಮೆಯಾಗುವ ಅಡಿಸನ್ ಕಾಯಿಲೆಗೆ ಚಿಕಿತ್ಸೆ ಸಿಗದಿದ್ದರೆ ಪ್ರಾಣಕ್ಕೇ ಅಪಾಯ.

ಕೊಳವೆಬಾವಿ ಬತ್ತಿ, ಬಡ್ಡಿ ಬೆಳೆದು, ಆತಂಕವು ತಿಂಗಳುಗಟ್ಟಲೆ ಮುಂದುವರಿದಾಗ ಈ ಹತೋಟಿಯ ವ್ಯವಸ್ಥೆ ಏರುಪೇರಾಗುತ್ತದೆ. ರಕ್ತದೊತ್ತಡ, ಸಕ್ಕರೆ ಏರುವ ಸಂಭವ ಹೆಚ್ಚುತ್ತದೆ, ರೋಗನಿರೋಧಕ ಶಕ್ತಿ ಕುಗ್ಗುತ್ತದೆ, ನಿದ್ರೆ ಕೆಡುತ್ತದೆ. ನೆನಪಿಗೆ ಆಧಾರವಾದ ಹಿಪೊಕ್ಯಾಂಪಸ್ ಎಂಬ ಮೆದುಳಿನ ಭಾಗವು ಕಾರ್ಟಿಸೋಲ್‌ಗೆ ಬಹು ಸೂಕ್ಷ್ಮವಾದ್ದರಿಂದ ಮರೆವು, ಏಕಾಗ್ರತೆಯ ಕೊರತೆ ಕಾಣಿಸಿಕೊಳ್ಳಬಹುದು; ಇಂಥವರನ್ನು ಸೋಮಾರಿಗಳು, ಸಿಡುಕರು ಎಂದು ಮನೆಯವರು ಜರೆಯಬಾರದು.

ದಿನವೂ ನಡಿಗೆ, ಹೊತ್ತಿಗೆ ಸರಿಯಾದ ನಿದ್ರೆ, ಆಪ್ತರೊಡನೆ ಮಾತು ನೆರವಾಗುತ್ತವೆ. ಎರಡು ವಾರ ಕಳೆದರೂ ನಿದ್ರೆ, ಉತ್ಸಾಹ ಮರಳದಿದ್ದರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಬೇಕು, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ ಉಚಿತ ಸಂಖ್ಯೆ 14416ಕ್ಕೆ ಕರೆ ಮಾಡಬೇಕು.