ಮಣ್ಣಿಗೆ ಐದೇ ಜನ ಬಂದಿದ್ದರು, ಈಗ ಚರ್ಚಿಗೆ ಹೇಗೆ ಹೋಗಲಿ?

ಪ್ರಶ್ನೆ: ನನಗೆ 61 ವರ್ಷ. ಉಡುಪಿ ಜಿಲ್ಲೆಯ ಒಂದು ಹಳ್ಳಿಯವಳು. ಈ ವರ್ಷ, 2021ರ ಮೇ ತಿಂಗಳಲ್ಲಿ ನಮ್ಮವರು ಕೊರೊನಾದಿಂದ ತೀರಿಕೊಂಡರು. ನನಗೂ ಪಾಸಿಟಿವ್ ಬಂದು ಮನೆಯೊಳಗೇ ಇದ್ದೆ, ಕೊನೆಗೆ ಮುಖವನ್ನೂ ನೋಡಲಿಲ್ಲ. ಮಣ್ಣಿಗೆ ಐದೇ ಜನ. ನಮ್ಮ ಚರ್ಚಿನ ವಾರ್ಡಿನಲ್ಲಿ ಯಾರು ಸತ್ತರೂ ಗಂಜಿ, ಚಹಾ ಹೊತ್ತುಕೊಂಡು ಓಡಿದವಳು ನಾನು. ನಮ್ಮ ಮನೆಗೆ ಯಾರೂ ಬರಲಿಲ್ಲ, ಫೋನ್ ಮಾಡಿದವರೂ ಕೆಲವೇ ಮಂದಿ. ಈಗ ಚರ್ಚ್ ತೆರೆದಿದೆ. ಅವರ ಪಕ್ಕ ನಿಂತು ಹಾಡಲು ಮನಸ್ಸಿಲ್ಲ. ದುಬೈಯಲ್ಲಿರುವ ಮಗ ‘ಮೊಬೈಲಲ್ಲೇ ಪೂಜೆ ನೋಡಮ್ಮ, ಹೊರಗೆ ಹೋಗ್ಬೇಡ’ ಅನ್ನುತ್ತಾನೆ. ಅದರ ಮುಂದೆ ಕೂತರೆ ಬರೀ ಅಳು. ನನ್ನ ವಿಶ್ವಾಸವೇ ಹೋಯಿತೇ?
– ಹೆಸರು ಬೇಡ

ಉತ್ತರ: ಅಕ್ಕ, ವಿಶ್ವಾಸ ಎಲ್ಲಿಗೂ ಹೋಗಿಲ್ಲ. ನಿಮಗೆ ಸಿಟ್ಟು ಬಂದಿದೆ, ಬರಬೇಕಾದ್ದೇ. ಅದನ್ನು ಪಾಪ ಅಂದುಕೊಂಡು ಇನ್ನೊಂದು ಭಾರ ಹೊರಬೇಡಿ. ಬೈಬಲಿನ ಕೀರ್ತನೆಗಳನ್ನು ವರ್ಷಗಟ್ಟಲೆ ಹಾಡಿದವರು ನೀವು. ದೇವರನ್ನೇ ತರಾಟೆಗೆ ತೆಗೆದುಕೊಳ್ಳುವ ಕೀರ್ತನೆಗಳು ಅದರಲ್ಲಿ ಎಷ್ಟಿವೆ ನೋಡಿ. 13ನೆಯದನ್ನು ಒಮ್ಮೆ ಗಟ್ಟಿಯಾಗಿ ಓದಿ.

ಆದರೆ ಬರಲಾಗದವರು ಯಾರು, ಬರದವರು ಯಾರು ಅಂತ ಸ್ವಲ್ಪ ಬೇರೆ ಮಾಡಿಕೊಳ್ಳಿ. ಆಗ ಅಂತ್ಯಕ್ರಿಯೆಗೆ ಐದೇ ಜನ ಅನ್ನುವುದು ಸರ್ಕಾರದ ಆದೇಶ. ಬಂದಿದ್ದರೆ ತಪ್ಪಾಗುತ್ತಿತ್ತು. ಫೋನ್ ಕೂಡ ಮಾಡದವರ ಮೇಲಿನ ನಿಮ್ಮ ನೋವು ಮಾತ್ರ ನ್ಯಾಯವಾದದ್ದು. ಅವರ ಪರ ವಕಾಲತ್ತು ಮಾಡುವುದಿಲ್ಲ. ಒಂದು ಮಾತು ಮಾತ್ರ ಹೇಳುತ್ತೇನೆ. ನಮ್ಮ ಕಡೆ ಸಾವಿನ ಮನೆಗೆ ಹೋದವರು ಏನು ಮಾತಾಡುತ್ತಾರೆ ಹೇಳಿ? ಏನೂ ಇಲ್ಲ. ಹೋಗಿ ಬೆಂಚಿನ ಮೇಲೆ ಕೂರುತ್ತಾರೆ, ಪಾತ್ರೆ ತೊಳೆಯುತ್ತಾರೆ, ಜಪಸರಕ್ಕೆ ದನಿ ಕೂಡಿಸುತ್ತಾರೆ. ಕೈಕಾಲಿನಲ್ಲಿ ಸಂತಾಪ ಹೇಳಿ ಗೊತ್ತೇ ಹೊರತು ಬಾಯಲ್ಲಿ ಹೇಳಿ ಗೊತ್ತಿಲ್ಲ. ಫೋನಿನಲ್ಲಿ ಮಾತೇ ಬೇಕಲ್ವಾ? ಏನು ಹೇಳುವುದು ಅಂತ ಇವತ್ತು, ನಾಳೆ ಎಂದು ಮುಂದೆ ಹಾಕಿದರು. ತಿಂಗಳಾದ ಮೇಲೆ ಫೋನ್ ಮಾಡಲು ಮುಖವೇ ಇಲ್ಲದಂತಾಯಿತು. ನನಗೆ ಬರುವ ಪತ್ರಗಳಲ್ಲಿ ಅಂಥವರದ್ದೂ ಇವೆ.

ನಿಮಗೆ ಬೇಕಾದ್ದು ಇನ್ನೊಂದಿದೆ, ಅದನ್ನು ನೀವು ಕೇಳಿಲ್ಲ. ಆ ದಿನ ಏನಾಯಿತು ಅನ್ನುವುದು. ಮಣ್ಣಿಗೆ ಬಂದ ಐವರಲ್ಲಿ ಒಬ್ಬರಿಗೆ ಫೋನ್ ಮಾಡಿ. ಹಿಡಿದವರು ಯಾರು, ಫಾದರ್ ಯಾವ ಪ್ರಾರ್ಥನೆ ಓದಿದರು, ಮಳೆ ಇತ್ತೇ, ಎಲ್ಲಾ ಕೇಳಿ. ದೇಹ ಮುಟ್ಟದೆ ಧರ್ಮಗ್ರಂಥ ಓದುವುದಕ್ಕೆ, ತೀರ್ಥ ಚಿಮುಕಿಸುವುದಕ್ಕೆ ಆರೋಗ್ಯ ಇಲಾಖೆಯ ಮಾರ್ಗಸೂಚಿಯಲ್ಲೇ ಅವಕಾಶ ಇತ್ತು. ಪಿಪಿಇ ಕಿಟ್ ಹಾಕಿಕೊಂಡು ಬೆವರಿ ನೀರಾದ ಹುಡುಗರು ಎಷ್ಟೋ ಕಡೆ ಇದನ್ನೆಲ್ಲ ಮಾಡಿದ್ದಾರೆ. ಕೇಳಿದರೆ ಅಳು ಬರುತ್ತದೆ, ಬರಲಿ. ಗೊತ್ತಿಲ್ಲದೆ ರಾತ್ರಿಯಿಡೀ ಊಹಿಸಿಕೊಳ್ಳುವುದಕ್ಕಿಂತ ಅದು ವಾಸಿ.

ತೀರಿಕೊಂಡು ತಿಂಗಳಾದಾಗ ಇಡಿಸುವ ಪೂಜೆ ತಪ್ಪಿದ್ದರೆ ಈಗ ಇಡಿಸಿ. ದಿನ ದಾಟಿತು ಅನ್ನಬೇಡಿ. ನವೆಂಬರ್ ಮೊದಲ ಎಂಟು ದಿನ ಸಮಾಧಿಗೆ ಹೋಗಿ ಸತ್ತವರಿಗಾಗಿ ಪ್ರಾರ್ಥಿಸುವುದನ್ನು, ಜನ ಗುಂಪುಗೂಡದಿರಲಿ ಎಂದು, ವ್ಯಾಟಿಕನ್ನೇ 2020ರಲ್ಲಿ ಇಡೀ ತಿಂಗಳಿಗೆ ವಿಸ್ತರಿಸಿತ್ತು.

ಇನ್ನು ಮೊಬೈಲ್ ಪೂಜೆ. 2020ರ ಮಾರ್ಚ್ 27ರಂದು ಪೋಪ್ ಫ್ರಾನ್ಸಿಸ್ ಮಳೆಯಲ್ಲಿ, ಖಾಲಿ ಸಂತ ಪೇತ್ರರ ಚೌಕದಲ್ಲಿ ಪ್ರಾರ್ಥಿಸಿದಾಗ ಟಿವಿ ಮುಂದೆ ಕೂತವರೆಲ್ಲ ಕಣ್ಣೊರೆಸಿಕೊಂಡಿದ್ದರು. ಅದೇ ಪರದೆ ಈಗ ಸಾಕಾಗಿದೆ, ನಿಮಗೊಬ್ಬರಿಗೇ ಅಲ್ಲ. ನೋಡಲು ಆಗದ ಭಾನುವಾರ ನೋಡಬೇಡಿ. ಅದರ ಬದಲು ಜಪಸರವನ್ನು ಫೋನಿನಲ್ಲಿ ಹೇಳಿ. ‘ನಮೋ ಮರಿಯಾ’ ಪ್ರಾರ್ಥನೆಯ ಮೊದಲರ್ಧ ಒಬ್ಬರು, ಉಳಿದರ್ಧ ಇನ್ನೊಬ್ಬರು ಅಂತ ಹೇಳುವುದೇ ವಾಡಿಕೆ ಅಲ್ವಾ, ಇಬ್ಬರಿದ್ದರೆ ಸಾಕು. ವಿಡಿಯೊ, ಗ್ರೂಪು ಬೇಡ. ಇಪ್ಪತ್ತು ಮಂದಿ ಸೇರಿದರೆ ಒಬ್ಬರ ದನಿ ಮುಂದೆ, ಒಬ್ಬರದ್ದು ಹಿಂದೆ, ನಡುವೆ ಯಾರದ್ದೋ ಮನೆಯ ಕುಕ್ಕರ್ ಸೀಟಿ. ನಿಮ್ಮ ವಾರ್ಡಿನಲ್ಲೇ ಈ ವರ್ಷ ಗಂಡನನ್ನೋ ಮಗನನ್ನೋ ಕಳೆದುಕೊಂಡ ಇನ್ನೊಬ್ಬರು ಇದ್ದೇ ಇರುತ್ತಾರೆ. ಸಾದಾ ಫೋನಿನಲ್ಲಿ, ರಾತ್ರಿ ಏಳೂವರೆಗೆ, ಅವರೊಬ್ಬರ ಜೊತೆ ಶುರು ಮಾಡಿ. ಮಾತು ಹುಡುಕುವ ಕಷ್ಟ ಇಬ್ಬರಿಗೂ ಇಲ್ಲ, ಮಾತು ಆಗಲೇ ಇದೆ.

ಮಗನ ಹೆದರಿಕೆಯೂ ಸುಳ್ಳಲ್ಲ. ಅಪ್ಪನ ಮಣ್ಣಿಗೆ ಅವನಿಗೂ ಬರಲಾಗಲಿಲ್ಲ. ಲಸಿಕೆಯ ಎರಡೂ ಡೋಸ್ ಆಗಿದೆಯೇ ಅಂತ ನೀವು ಬರೆದಿಲ್ಲ. ಆಗಿಲ್ಲದಿದ್ದರೆ ಮೊದಲು ಆ ಕೆಲಸ. ಆಮೇಲೆ ಮಾಸ್ಕ್ ಹಾಕಿಕೊಂಡು ಒಂದು ವಾರದ ದಿನ ಬೆಳಗಿನ ಪೂಜೆಗೆ ಹೋಗಿ. ಜನ ಕಡಿಮೆ. ಬಾಗಿಲ ಹತ್ತಿರದ ಬೆಂಚಿನಲ್ಲಿ ಕೂತು, ಸಾಕು ಅನಿಸಿದರೆ ಎದ್ದು ಬನ್ನಿ. ಹಾಡುವ ತಂಡಕ್ಕೆ ಈಗಲೇ ಸೇರಬೇಕಾಗಿಲ್ಲ. ಯಾರಾದರೂ ‘ಏನು, ಕಾಣಲೇ ಇಲ್ಲ?’ ಅಂದರೆ ಸುಮ್ನೆ ನಗಬೇಡಿ. ‘ನೀವು ಒಂದು ಫೋನ್ ಮಾಡಬಹುದಿತ್ತು, ಬೇಜಾರಾಯಿತು’ ಅಂತ ಹೇಳಿಬಿಡಿ. ಒಬ್ಬರಿಗೆ ಹೇಳಿದರೂ ಎದೆ ಹಗುರಾಗುತ್ತದೆ. ಊಟ, ನಿದ್ದೆ ವಾರಗಟ್ಟಲೆ ಸರಿಯಿಲ್ಲದಿದ್ದರೆ ಡಾಕ್ಟರಿಗೂ ತೋರಿಸಿ. ಅದು ಪ್ರಾರ್ಥನೆ ಜಾಸ್ತಿ ಮಾಡಿ ಸರಿಪಡಿಸುವ ವಿಷಯ ಅಲ್ಲ.

ಸೆಪ್ಟೆಂಬರ್ 8 ಹತ್ತಿರ ಬಂತು. ಮಾತೆ ಮರಿಯಾಳ ಹುಟ್ಟುಹಬ್ಬ, ನಮ್ಮ ಕಡೆಯ ಹೊಸ ತೆನೆಯ ಹಬ್ಬವೂ ಆದ ಮೊಂತಿ ಹಬ್ಬದ ಮೆರವಣಿಗೆ ಈ ಸಲ ಹೇಗೋ ಏನೋ, ಹೊಸ ತೆನೆಯಂತೂ ಮನೆ ಮನೆಗೆ ಹೋಗಬೇಕು. ಮನೆಯಲ್ಲಿ ಹಬ್ಬ ಮಾಡುವುದು ಬಿಡುವುದು ನಿಮ್ಮ ಮನಸ್ಸು. ಆದರೆ ನಿಮ್ಮ ವಾರ್ಡಿನ ಮುಖ್ಯಸ್ಥರಾದ ಗುರಿಕಾರರಿಗೆ ಇವತ್ತೇ ಫೋನ್ ಮಾಡಿ, ‘ನಮ್ಮ ಮನೆಗೆ ತೆನೆ ತರುವವರು ಒಳಗೆ ಬಂದು ಹತ್ತು ನಿಮಿಷ ಕೂತು ಹೋಗಲಿ’ ಅಂತ ಹೇಳಿ. ಎರಡು ಕಾಳು ಜಾಸ್ತಿಯೇ ಕೇಳಿ ಇಟ್ಟುಕೊಳ್ಳಿ, ದುಬೈಗೆ ಅಂಚೆಯಲ್ಲಿ ಕಳಿಸಬೇಕಲ್ಲ.