ಅರವತ್ತರವರೆಗೆ ಕಾಯಬೇಡಿ, ಬರೆದದ್ದನ್ನು ಈ ವಾರವೇ ಓದಿ ಹೇಳಿ

ನಿಮ್ಮ ತಾಯಿಯವರಿಗೆ ಅರವತ್ತು ತುಂಬುವ ದಿನ ಪುಸ್ತಕ ಮಾಡಿ ಕೊಡಲು ದಿನಕ್ಕೊಂದು ಕೃತಜ್ಞತೆಯ ಟಿಪ್ಪಣಿಯನ್ನು ಗುಟ್ಟಾಗಿ ಬರೆದಿಡಬೇಕೆಂದಿದ್ದೀರಿ, ಅದಕ್ಕೆ ನೋಟ್‌ಬುಕ್ಕು ಸರಿಯೋ ಫೋನು ಸರಿಯೋ ಎಂದು ಕೇಳಿದ್ದೀರಿ. ಯಾವುದಾದರೂ ಆದೀತು. ನನ್ನ ತಕರಾರು ಇರುವುದು ಗುಟ್ಟಿನ ಬಗ್ಗೆ ಮತ್ತು ಕಾಯುವ ಬಗ್ಗೆ. ನನ್ನ ಅಕ್ಕನಿಗಾಗಿ ನಾನೂ ಹೀಗೆಯೇ ಬರೆದಿಟ್ಟವನು.

ತಂದೆ ತೀರಿಕೊಂಡಾಗ ನಾನಿನ್ನೂ ಹೈಸ್ಕೂಲಿನಲ್ಲಿದ್ದೆ. ತಿಪಟೂರಿನ ಬಾಡಿಗೆ ಮನೆಯ ನಡುಮನೆಯಲ್ಲಿ ಹೊಲಿಗೆ ಯಂತ್ರ ಹಾಕಿಕೊಂಡು, ಅಕ್ಕಪಕ್ಕದವರ ರವಿಕೆ ಹೊಲಿದು, ಸೀರೆಗಳಿಗೆ ಫಾಲ್ ಹಚ್ಚಿ, ಅಕ್ಕ ನನ್ನನ್ನು ತುಮಕೂರಿನ ಕಾಲೇಜಿನವರೆಗೆ ಓದಿಸಿದಳು. ಕೆಲಸಕ್ಕೆ ಸೇರಿ ಎಷ್ಟೋ ವರ್ಷಗಳಾದ ಮೇಲೆ, ಇದನ್ನೆಲ್ಲ ಅವಳಿಗೆ ಒಮ್ಮೆಯೂ ಬಾಯಿ ಬಿಟ್ಟು ಹೇಳಿಲ್ಲವಲ್ಲ ಎನ್ನಿಸಿ, ನೆನಪಾದದ್ದನ್ನೆಲ್ಲ ಒಂದು ಉದ್ದ ನೋಟ್‌ಬುಕ್ಕಿನಲ್ಲಿ ಬರೆಯತೊಡಗಿದೆ. ಅವಳ ಮದುವೆಯ ಬೆಳ್ಳಿಹಬ್ಬಕ್ಕೆ ಅದನ್ನು ಕೊಡಬೇಕೆಂದು ನಿಶ್ಚಯಿಸಿಕೊಂಡೆ.

ನಾನು ತಪ್ಪಿದ್ದು ಇಲ್ಲಿಯೇ. ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ನೀವೂ ಅದೇ ದಾರಿಯಲ್ಲಿದ್ದೀರಿ. ದಿನ ಗೊತ್ತುಮಾಡಿಕೊಂಡ ಕೂಡಲೇ ನನ್ನ ಗಮನ ಅಕ್ಕನಿಂದ ಪುಸ್ತಕದ ಕಡೆಗೆ ಹೊರಳಿತು. ಬರೆದದ್ದನ್ನು ತಿದ್ದಿದೆ, ತಿದ್ದಿದ್ದನ್ನು ಚೆನ್ನಾದ ಅಕ್ಷರದಲ್ಲಿ ನಕಲು ಮಾಡಿದೆ, ಯಾವ ಬಣ್ಣದ ರಟ್ಟು ಹಾಕಿಸಬೇಕೆಂದು ಯೋಚಿಸಿದೆ. ಹಬ್ಬಕ್ಕೆ ಹೋದಾಗ ಅವಳ ಎದುರಿಗೇ ಕುಳಿತು ಊಟ ಮಾಡುತ್ತಿದ್ದರೂ, ಗುಟ್ಟು ರಟ್ಟಾದೀತೆಂದು ಹಳೆಯ ವಿಷಯವನ್ನು ಎತ್ತುತ್ತಲೇ ಇರಲಿಲ್ಲ. ಬರೆದ ಸಂಗತಿಗಳೆಲ್ಲ ಚಿಕ್ಕ ಹುಡುಗನೊಬ್ಬ ಬಾಗಿಲ ಮರೆಯಲ್ಲಿ ನಿಂತು ಕಂಡವು, ಕೇಳಿದವು. ಅವು ನಿಜವೇ ಎಂದು ಹೇಳಬಲ್ಲವಳು ಅವಳೊಬ್ಬಳೇ, ಅವಳನ್ನೇ ನಾನು ಕೇಳಲಿಲ್ಲ.

ಬೆಳ್ಳಿಹಬ್ಬಕ್ಕೆ ಮುನ್ನವೇ ಅಕ್ಕನಿಗೆ ಲಕ್ವ ಹೊಡೆಯಿತು. ಪೆಟ್ಟು ಬಿದ್ದದ್ದು ಮಿದುಳಿನ ಎಡಭಾಗಕ್ಕೆ. ಬಹುಪಾಲು ಜನರಲ್ಲಿ ಮಾತು, ಓದು, ಬರಹ ಮೂರನ್ನೂ ನಡೆಸುವುದು ಆ ಭಾಗವೇ ಆದುದರಿಂದ ಬಲಗೈಯ ಜೊತೆಗೆ ಭಾಷೆಯೂ ಹೋಯಿತು. ಇದಕ್ಕೆ ವೈದ್ಯರು ಅಫೇಸಿಯಾ ಎನ್ನುತ್ತಾರೆ. ಬುದ್ಧಿ ಇರುತ್ತದೆ, ಎದುರಿಗಿರುವವರ ಗುರುತು ಹತ್ತುತ್ತದೆ, ಆದರೆ ಬೇಕಾದ ಪದ ಬಾಯಿಗೆ ಬರುವುದಿಲ್ಲ, ಕಣ್ಣಿಗೆ ಕಂಡ ಅಕ್ಷರ ಅರ್ಥವಾಗಿ ಕೂಡಿಕೊಳ್ಳುವುದಿಲ್ಲ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ತೋರಿಸಿದಾಗ, ಚಿಕ್ಕ ಚಿಕ್ಕ ವಾಕ್ಯಗಳಲ್ಲಿ, ನಿಧಾನವಾಗಿ, ಒಂದು ಸಲಕ್ಕೆ ಒಂದೇ ವಿಷಯ ಮಾತನಾಡಿ ಎಂದು ಹೇಳಿಕೊಟ್ಟರು. ಹಾಗೆ ನಾನು ನೋಟ್‌ಬುಕ್ಕನ್ನು ತೆರೆದು ಅವಳಿಗೆ ಓದಿ ಹೇಳತೊಡಗಿದೆ.

ನೀನು ದೇವತೆ, ನೀನು ತಾಯಿಗಿಂತ ಹೆಚ್ಚು ಎಂದು ನಾನು ಬಹಳ ಶ್ರದ್ಧೆಯಿಂದ ಬರೆದ ಪುಟಗಳಿಗೆ ಅವಳ ಮುಖದಲ್ಲಿ ಏನೂ ಮೂಡಲಿಲ್ಲ. ಆದರೆ ಗಿರಾಕಿಯೊಬ್ಬರ ಅಳತೆ ರವಿಕೆಯ ಮೇಲೆ ನಾನು ಶಾಯಿ ಚೆಲ್ಲಿದಾಗ, ನನ್ನ ಹೆಸರೆತ್ತದೆ, ರಾತ್ರಿಯೆಲ್ಲ ಕೂತು ಅಂಥದೇ ಬಟ್ಟೆಯಲ್ಲಿ ಹೊಸದನ್ನು ಹೊಲಿದುಕೊಟ್ಟದ್ದನ್ನು ಓದಿದಾಗ ಅವಳು ಎಡಗೈಯಿಂದ ನನ್ನ ಬೆನ್ನಿಗೆ ಗುದ್ದಿ ನಕ್ಕಳು.

ಮುಂದಿನ ಪುಟದಲ್ಲಿ, ನನ್ನ ಹಾಸ್ಟೆಲ್ ಶುಲ್ಕಕ್ಕಾಗಿ ಅವಳು ತನ್ನ ಬಳೆಗಳನ್ನು ಅಡವಿಟ್ಟಳು ಎಂದು ಬರೆದಿದ್ದೆ. ಅದನ್ನು ಕೇಳುತ್ತಲೇ ಅಕ್ಕ ಅಲ್ಲವೆಂಬಂತೆ ಜೋರಾಗಿ ತಲೆಯಾಡಿಸಿದಳು. ಅಡವಿಡಲಿಲ್ಲ, ಮಾರಿದೆಯಾ ಎಂದೆ, ಅಲ್ಲ. ಬಳೆಯಲ್ಲವಾ ಎಂದೆ, ಹೌದೆಂಬಂತೆ ಕಣ್ಣರಳಿಸಿ, ಏನನ್ನೋ ಹೇಳಲು ಹೊರಟಳು. ಬಾಯಿಂದ ಬಂದದ್ದು ‘ಸೂಜಿ, ಸೂಜಿ’ ಎಂಬ ಮಾತು ಮಾತ್ರ. ಅದಲ್ಲವೆಂದು ಅವಳಿಗೇ ಗೊತ್ತಿತ್ತು. ಮತ್ತೆ ಮತ್ತೆ ಪ್ರಯತ್ನಿಸಿ, ಸೋತು, ಮುಖ ಆಚೆ ತಿರುಗಿಸಿಕೊಂಡಳು. ಅದು ಅವಳ ಮದುವೆಗೆ ಮುಂಚಿನ ಮಾತು, ಭಾವನಿಗೆ ತಿಳಿಯದು. ಅಮ್ಮ ಆಗಲೇ ಇಲ್ಲ. ಆ ಹಣ ಎಲ್ಲಿಂದ ಬಂತು, ಯಾರಾದರೂ ಕೊಟ್ಟರೇ, ಕೊಟ್ಟಿದ್ದರೆ ಇಂದು ನಾನು ಕೃತಜ್ಞನಾಗಿರಬೇಕಾದವರು ಇನ್ನೂ ಒಬ್ಬರಿದ್ದಾರೆಯೇ ಎಂಬುದು ನನಗೆ ತಿಳಿಯದೇ ಉಳಿದಿದೆ. ಒಂದು ವರ್ಷ ಮೊದಲು ಆ ಪುಟವನ್ನು ಓದಿ ತೋರಿಸಿದ್ದರೆ, ‘ಯಾರು ಹೇಳಿದ್ದೋ ನಿನಗೆ?’ ಎಂದು ಶುರುಮಾಡಿ ಕಥೆಯನ್ನೆಲ್ಲ ಅವಳೇ ಹೇಳಿಬಿಡುತ್ತಿದ್ದಳು.

ಆದ್ದರಿಂದ ನೀವು ಕೇಳದಿದ್ದರೂ ಹೇಳುತ್ತೇನೆ, ದಿನಕ್ಕೊಂದು ಟಿಪ್ಪಣಿ ಬೇಡ. ದಿನವೂ ಬರೆಯಲೇಬೇಕೆಂದು ಕೂತರೆ ನೀವು ಬರೆಯುವುದು ನಾನು ಬರೆದ ದೇವತೆಯ ಪುಟಗಳನ್ನೇ. ರಾಬರ್ಟ್ ಎಮ್ಮನ್ಸ್ ಮತ್ತು ಮೈಕೆಲ್ ಮೆಕಲಾ ಎಂಬ ಮನೋವಿಜ್ಞಾನಿಗಳು ಕೃತಜ್ಞತೆಯ ಬಗ್ಗೆ 2003ರಲ್ಲಿ ಪ್ರಕಟಿಸಿದ ಹೆಸರಾಂತ ಅಧ್ಯಯನದ ಒಂದು ಪ್ರಯೋಗದಲ್ಲಿ, ಕೃತಜ್ಞತೆಯ ಸಂಗತಿಗಳನ್ನು ಐದರವರೆಗೆ ವಾರಕ್ಕೊಮ್ಮೆ ಮಾತ್ರ ಬರೆದವರಲ್ಲಿಯೂ ಒಳ್ಳೆಯ ಪರಿಣಾಮ ಕಂಡಿತ್ತು. ನನ್ನ ಮಟ್ಟಿಗೆ ವಾರಕ್ಕೆ ಒಂದು ಸಾಕು, ಆದರೆ ಅದರಲ್ಲಿ ಒಂದು ಘಟನೆ ಇರಬೇಕು, ಊರು, ವಸ್ತು, ಆಡಿದ ಮಾತು ಇರಬೇಕು. ಬರೆದದ್ದನ್ನು ಆ ವಾರವೇ ತಾಯಿಯವರ ಪಕ್ಕದಲ್ಲಿ ಕುಳಿತು ಓದಿ ಹೇಳಿ.

ಹೆತ್ತವರ ಮುಂದೆ ಹೀಗೆ ಓದುವುದು ನಾಟಕದಂತಾಗುತ್ತದೆ ಎಂಬ ಮುಜುಗರ ನಿಮಗಿರಬಹುದು, ನನಗಂತೂ ಇತ್ತು. ಅಮಿತ್ ಕುಮಾರ್ ಮತ್ತು ನಿಕೊಲಸ್ ಎಪ್ಲಿ ಎಂಬ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಕೃತಜ್ಞತೆಯ ಪತ್ರ ಬರೆದವರು, ಓದುವವರಿಗೆ ಆಗುವ ಮುಜುಗರವನ್ನು ಇದ್ದುದಕ್ಕಿಂತ ಹೆಚ್ಚೆಂದೂ, ಆಗುವ ಸಂತೋಷವನ್ನು ಇದ್ದುದಕ್ಕಿಂತ ಕಡಿಮೆಯೆಂದೂ ಎಣಿಸಿದ್ದರು. ಅಕ್ಕನ ಗುದ್ದು ತಿಂದ ಮೇಲೆ ಇದರಲ್ಲಿ ನನಗೆ ಸಂಶಯವೇ ಇಲ್ಲ.

ನೋಟ್‌ಬುಕ್ಕನ್ನೇ ಆರಿಸಿದರೆ ಬಲಪುಟದಲ್ಲಿ ಮಾತ್ರ ಬರೆದು, ಎಡಪುಟವನ್ನು ತಾಯಿಯವರ ಮಾತಿಗೆ ಬಿಡಿ. ಅವರು ‘ಹಾಗಲ್ಲ, ಹೀಗೆ’ ಎಂದದ್ದನ್ನು ಅವರ ಮಾತಿನಲ್ಲೇ ಅಲ್ಲಿ ಬರೆದುಕೊಳ್ಳಿ. ಅರವತ್ತರ ದಿನ ಪುಸ್ತಕ ಕೊಡಲೇಬೇಕೆಂದಿದ್ದರೆ ಕೊಡಿ, ಆದರೆ ಆ ಎಡಪುಟಗಳೂ ಅಚ್ಚಾಗಲಿ. ಮೊದಲ ವಾರಕ್ಕೆ ನಿಮ್ಮ ಓದಿಗೆ ಹಣ ಹೊಂದಿಸಿದ ಕಾಲದ ಯಾವುದಾದರೂ ನೆನಪನ್ನು ಆರಿಸಿಕೊಳ್ಳಿ. ಮಕ್ಕಳಿಗೆ ಗೊತ್ತಾಗದಂತೆ ಹಿರಿಯರು ನಡೆಸಿದ್ದು ಅಲ್ಲಿಯೇ ಹೆಚ್ಚಿರುತ್ತದೆ.