26ನೇ ಟೈಮ್‌ಟೇಬಲ್

ಧಾರವಾಡದಲ್ಲಿ ಆಪ್ತಸಲಹೆಗೆ ಕೂತರೆ ಒಂದು ಬಗೆಯವರು ಪದೇ ಪದೇ ಸಿಗುತ್ತಾರೆ. ಸಪ್ತಾಪುರದ ಕಡೆ ರೂಮ್ ಮಾಡಿಕೊಂಡು ಕೆಎಎಸ್, ಪಿಎಸ್‌ಐ, ಪಿಡಿಒ ಅಂತ ಸರ್ಕಾರಿ ನೌಕರಿಯ ಪರೀಕ್ಷೆಗಳಿಗೆ ಓದುತ್ತಿರುವವರು. ಅಂಥ ಒಬ್ಬರ ಕತೆಯನ್ನು ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಊರು, ಮನೆಯ ವಿವರ ಬದಲಿಸಿದ್ದೇನೆ. ಹೆಸರು ಪ್ರಕಾಶ ಅಂತ ಇಟ್ಟುಕೊಳ್ಳೋಣ.

ವಯಸ್ಸು 31. ಹಾವೇರಿ ಕಡೆಯವರು, ಮನೆಯಲ್ಲಿ ನಾಲ್ಕು ಎಕರೆ ಗೋವಿನಜೋಳ. ಡಿಗ್ರಿ ಮುಗಿಸಿ ಧಾರವಾಡಕ್ಕೆ ಬಂದು ಆರು ವರ್ಷವಾಗಿತ್ತು. 2025ರ ಮಾರ್ಚ್‌ನಲ್ಲಿ ನನ್ನ ಹತ್ತಿರ ಬಂದಿದ್ದು ನಿದ್ದೆ ಬರುತ್ತಿಲ್ಲ ಅಂತ.

ಮೂರನೇ ಭೇಟಿಗೆ ಒಂದು ಪ್ಲಾಸ್ಟಿಕ್ ಫೈಲ್ ತಂದರು. ಅದರ ತುಂಬಾ ಟೈಮ್‌ಟೇಬಲ್. ಎಣಿಸಿದೆ, 26 ಇದ್ದವು. ಎಲ್ಲಕ್ಕಿಂತ ಹೊಸದನ್ನು ಮೇಜಿನ ಮೇಲೆ ಬಿಡಿಸಿಟ್ಟೆವು. ದಪ್ಪ ಡ್ರಾಯಿಂಗ್ ಶೀಟ್, ಸ್ಕೇಲ್ ಹಿಡಿದು ಎಳೆದ ಗೆರೆ. ಇತಿಹಾಸಕ್ಕೆ ಹಸಿರು ಸ್ಕೆಚ್ ಪೆನ್, ಅರ್ಥಶಾಸ್ತ್ರಕ್ಕೆ ಕೆಂಪು. ಬೆಳಗಿನ 4.30ಕ್ಕೆ ಏಳುವುದು, ಊಟಕ್ಕೆ 15 ನಿಮಿಷ, ಓದು 14 ಗಂಟೆ. ಬಟ್ಟೆ ಒಗೆಯಲು, ಅವ್ವನಿಗೆ ಫೋನ್ ಮಾಡಲು ಎಲ್ಲೂ ಜಾಗ ಇರಲಿಲ್ಲ. ಮೇಲಿನ ಮೂಲೆಯಲ್ಲಿ ಚಂದದ ಅಕ್ಷರದಲ್ಲಿ 'ಗುರಿ: ಎಸಿ' ಅಂತ, ಅಂದರೆ ಅಸಿಸ್ಟೆಂಟ್ ಕಮಿಷನರ್ ಅಂತ ಬರೆದಿತ್ತು.

"ಇದನ್ನ ಎಷ್ಟ್ ದಿನ ಪಾಲಿಸಿದ್ರಿ?"

"ಮೂರ್ ದಿನರಿ."

"ಇದರ ಹಿಂದಿಂದು?"

"ಅದು ನಾಕ್ ದಿನ ಆಗಿತ್ರಿ. ಒಂದ್ ದಿನ ತಪ್ಪಿತಂದ್ರ ಇಡೀ ಚಾರ್ಟ್ ಕೆಟ್ಟಂಗ ಅನಸ್ತದ. ಅದನ್ನ ತಗದಿಟ್ಟು ಹೊಸಾದು ಬರೀತೀನ್ರಿ."

"ಹೊಸಾದು ಬರಿಯೋವಾಗ ಹೆಂಗ ಅನಸ್ತದ?"

ಪ್ರಕಾಶ ಸುಮಾರು ಹೊತ್ತು ಮಾತಾಡಲಿಲ್ಲ. ಶೀಟಿನ ಮಡಿಚಿದ ತುದಿಯನ್ನು ಬೆರಳಲ್ಲಿ ನೀವಿ ನೀವಿ ಸರಿ ಮಾಡುತ್ತಿದ್ದರು. ಆಮೇಲೆ ಹೇಳಿದರು: "ಖರೇ ಹೇಳ್ಲಿಕ್ಕ ನಾಚಿಕಿ ಬರ್ತದರಿ ಮೇಡಂ. ಟೈಮ್‌ಟೇಬಲ್ ಬರದ ರಾತ್ರಿ ನನಗ ಪಾಸ್ ಆದಷ್ಟ ಖುಷಿ ಆಗ್ತದ. ಅವತ್ತೊಂದ್ ರಾತ್ರಿ ಛಲೋ ನಿದ್ದಿ ಬರ್ತದ."

ಇಂಥವರನ್ನು ಸೋಮಾರಿಗಳು ಅನ್ನುವವರು ಈ ಮಾತನ್ನು ಸರಿಯಾಗಿ ಕೇಳಿಸಿಕೊಳ್ಳಬೇಕು. ಪ್ರಕಾಶ ಸೋಮಾರಿಯಲ್ಲ. ಗೆದ್ದ ಮೇಲೆ ಸಿಗಬೇಕಾದ ಸಮಾಧಾನ ಅವರಿಗೆ ಬರೆದ ರಾತ್ರಿಯೇ ಸಿಕ್ಕಿಬಿಡುತ್ತಿತ್ತು. ಬೆಳಿಗ್ಗೆ ಕೂತು ಓದಲು ಬೇಕಾದ ಹಸಿವೇ ಉಳಿಯುತ್ತಿರಲಿಲ್ಲ. ಗೇಬ್ರಿಯೆಲ್ ಒಯೆಟಿಂಗೆನ್ ಎಂಬ ಮನೋವಿಜ್ಞಾನಿ ಮತ್ತು ಅವರ ಜೊತೆಗಾರರು, ಕೆಲಸ ಹುಡುಕುತ್ತಿದ್ದ ಪದವೀಧರರ ಬಗ್ಗೆ 2002ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಒಳ್ಳೆ ಕೆಲಸ ಸಿಕ್ಕ ಹಾಗೆ ಜಾಸ್ತಿ ಕನಸು ಕಂಡವರು ಎರಡು ವರ್ಷದ ನಂತರ ನೋಡಿದರೆ ಕಡಿಮೆ ಅರ್ಜಿ ಹಾಕಿದ್ದರು, ಅವರಿಗೆ ಬಂದ ಕೆಲಸದ ಕರೆಗಳೂ ಕಡಿಮೆ, ಸಂಬಳವೂ ಕಡಿಮೆ. ನನಗೆ ಕೆಲಸ ಸಿಗುತ್ತದೆ ಎಂಬ ನಂಬಿಕೆ ಇದ್ದವರ ಕತೆ ಬೇರೆ, ಅವರು ಮುಂದೆ ಹೋಗಿದ್ದರು. ಅಂಥ ನಂಬಿಕೆ ಹುಟ್ಟುವುದು ಹಿಂದೆ ಮಾಡಿದ್ದರಿಂದ. ಪ್ರಕಾಶರ ಫೈಲಿನಲ್ಲಿ ಮಾಡಿದ್ದರ ಲೆಕ್ಕ ಒಂದೂ ಇರಲಿಲ್ಲ.

ಇನ್ನೊಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಈ ಹುಡುಗರ ಗುರಿಗೆ ದಿನಾಂಕ ಹಾಕುವುದು ಅವರ ಕೈಯಲ್ಲಿಲ್ಲ. ಕೆಎಎಸ್‌ಗೆ 2020ರಲ್ಲಿ 106 ಹುದ್ದೆಗೆ ಕರೆದರು. ಮುಂದಿನ ಕರೆ ಬಂದಿದ್ದು 2024ರಲ್ಲಿ, 384 ಹುದ್ದೆಗೆ. ಆಗಸ್ಟ್‌ನಲ್ಲಿ ಪ್ರಿಲಿಮ್ಸ್, ಅಂದರೆ ಪೂರ್ವಭಾವಿ ಪರೀಕ್ಷೆ ಬರೆದರೆ ಕನ್ನಡ ಅನುವಾದದ ತಪ್ಪುಗಳಿಂದಾಗಿ ಡಿಸೆಂಬರ್‌ನಲ್ಲಿ ಮತ್ತೆ ಬರೆಯಬೇಕಾಯಿತು. ಇಷ್ಟು ಅತಂತ್ರದಲ್ಲಿ ಬದುಕುವವರು ಒಂದು ಹಾಳೆಯ ಮೇಲಾದರೂ ಎಲ್ಲ ನಮ್ಮ ಹಿಡಿತದಲ್ಲಿದೆ ಅಂತ ನೋಡಬಯಸುವುದು ಸಹಜ ಅಲ್ವಾ?

ಹಾಗಾಗಿ ಗುರಿ ಬಿಡಿ ಅಂತ ನಾನು ಹೇಳಲಿಲ್ಲ. ಟೈಮ್‌ಟೇಬಲ್ ಬರೆಯುವುದನ್ನು ನಿಲ್ಲಿಸಿ ಅಂದೆ. ಒಂದು 100 ಪುಟದ ನೋಟ್‌ಬುಕ್ ತನ್ನಿ. ಮಾಡುವ ಮೊದಲು ಏನೂ ಬರೆಯಬೇಡಿ, ಮಾಡಿದ ಮೇಲೆ ಬರೆಯಿರಿ. ಗಂಟೆ ಎಣಿಸಬೇಡಿ, ಬಿಡಿಸಿದ ಪ್ರಶ್ನೆ ಎಣಿಸಿ. ದಿನಕ್ಕೆ ಒಂದೇ ಕರಾರು: ಬೆಳಿಗ್ಗೆ ಚಹಾ ಕುಡಿದು ಲೋಟ ತೊಳೆದಿಟ್ಟ ತಕ್ಷಣ ಕುರ್ಚಿಗೆ ಕೂತು ಹಳೇ ಪ್ರಶ್ನೆಪತ್ರಿಕೆಯ 20 ಪ್ರಶ್ನೆ. 'ಇದಾದ ಕೂಡಲೇ ಅದು' ಅಂತ ಕೆಲಸವನ್ನು ಹೀಗೆ ಗಂಟು ಹಾಕುವುದನ್ನು ಮನೋವಿಜ್ಞಾನಿ ಪೀಟರ್ ಗೋಲ್‌ವಿಟ್ಜರ್ 1990ರ ದಶಕದಿಂದ ಪರೀಕ್ಷಿಸುತ್ತಾ ಬಂದಿದ್ದಾರೆ. ಬರೀ 'ಓದಬೇಕು' ಅಂದುಕೊಳ್ಳುವುದಕ್ಕಿಂತ ಇದು ಹೆಚ್ಚು ಫಲ ಕೊಡುತ್ತದೆ. ಕೊನೆಯದಾಗಿ, ಸಂಜೆ ಎರಡು ಗಂಟೆ ದುಡಿಯುವ ಕೆಲಸ ಹುಡುಕಿಕೊಳ್ಳಿ ಅಂದೆ.

ಇದಕ್ಕೆ ಪ್ರಕಾಶರ ಅಪ್ಪ ನನಗೆ ಫೋನ್ ಮಾಡಿ ಬೇಜಾರು ಮಾಡಿಕೊಂಡರು. "14 ತಾಸು ಓದತೀನಿ ಅನ್ನೋ ಹುಡುಗನ್ನ 20 ಪ್ರಶ್ನೆಕ್ಕ ಇಳಸಿದ್ರೆಲ್ಲಾ ಮೇಡಮ್ಮಾರ." ಸಂಜೆ ಕೆಲಸದ ಮಾತಂತೂ ಅವರಿಗೆ ಇನ್ನೂ ನೋವು ತಂದಿತ್ತು. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೂ ಆ ಸಲಹೆಯನ್ನು ಇವತ್ತೂ ಕೊಡುತ್ತೇನೆ. ಆರು ವರ್ಷದಿಂದ ಅಪ್ಪನ ದುಡ್ಡಲ್ಲಿ ಊಟ ಮಾಡುತ್ತಿದ್ದೇನೆ ಅನ್ನುವ ಅಳುಕು ಪ್ರಕಾಶರ ಎದೆಯ ಮೇಲೆ ಕೂತಿತ್ತು. ಆ ಅಳುಕು ಕಳೆಯಲೆಂದೇ ಅವರು ದೊಡ್ಡ ದೊಡ್ಡ ಟೈಮ್‌ಟೇಬಲ್ ಬರೆಯುತ್ತಿದ್ದರು. ಕೈಗೆ ಸ್ವಂತ ದುಡಿಮೆಯ ನಾಲ್ಕು ಕಾಸು ಬಂದರೆ 20 ಪ್ರಶ್ನೆ ಸಣ್ಣದು ಅನ್ನಿಸುವುದಿಲ್ಲ. ನಾನು ಕಂಡ ಮಟ್ಟಿಗೆ ಎರಡು ಗಂಟೆಯ ಕೆಲಸದಿಂದ ಯಾರ ಓದೂ ಕೆಟ್ಟಿಲ್ಲ.

ಮೊದಲ ದಿನ ನೋಟ್‌ಬುಕ್‌ನಲ್ಲಿ ಬರೆದದ್ದು: '11 ಪ್ರಶ್ನೆ, 4 ತಪ್ಪು.' ತೋರಿಸುವಾಗ ಅವರ ಮುಖ ಸಪ್ಪಗಾಗಿತ್ತು. ಆರು ವರ್ಷದಲ್ಲಿ ನೀವು ಮಾಡಿದ್ದರ ಮೊದಲ ಲೆಕ್ಕ ಇದು ಅಂದೆ.

ಪರೀಕ್ಷೆ ಇನ್ನೂ ಪಾಸಾಗಿಲ್ಲ. ಸಂಜೆ ಹೈಸ್ಕೂಲ್ ಮಕ್ಕಳಿಗೆ ಗಣಿತ ಹೇಳಿಕೊಡುತ್ತಾರೆ. ಈಗ ಎರಡನೇ ನೋಟ್‌ಬುಕ್ ನಡೆಯುತ್ತಿದೆ. ಹೋದ ಸಲ ಅದನ್ನು ತಿರುವಿ ಹಾಕುವಾಗ ಒಂದು ಪುಟದಲ್ಲಿ ಕಣ್ಣು ನಿಂತಿತು. 'ಶನಿವಾರ: 0. ಅವ್ವಗ ಜ್ವರ, ಊರಿಗೆ ಹೋಗಿದ್ದೆ. ರವಿವಾರ: 0.' ಪುಟ ಹರಿದಿರಲಿಲ್ಲ, ಹೊಸ ನೋಟ್‌ಬುಕ್ ಶುರು ಮಾಡಿರಲಿಲ್ಲ. ಅದರ ಕೆಳಗಿನ ಸಾಲಿನಲ್ಲೇ, ಅದೇ ನೀಲಿ ಪೆನ್ನಲ್ಲಿ: 'ಸೋಮವಾರ: 22.'